ಎಡೆದೊರೆ ನಾಡಿನ ಒಂದು ರಿವಾಲ್ವರು

ಹಳೆಯ ಆಯುಧಗಳನ್ನು ಕೂಡಿಡುವ ಅಭಿರುಚಿಯುಳ್ಳವರನ್ನು ಕಂಡು, ನಿಮ್ಮ ಸಂಗ್ರಹದ ಕೈಬಂದೂಕುಗಳಲ್ಲೆಲ್ಲ ನಿಮಗೆ ಅತ್ಯಂತ ಅಮೂಲ್ಯವೆನಿಸಿದುದು ಯಾವುದು, ಏಕೆ ಎಂದು ಪ್ರಶ್ನಿಸಿದರೆ, ಅವರ ಉತ್ತರವು ಬಹುಮಟ್ಟಿಗೆ ಅದನ್ನು ನಿರ್ಮಿಸಿದ ಕುಶಲಿಯ ಹೆಸರಿನಿಂದಲೋ ಹಿಡಿಕೆಯ ಮೇಲಣ ಬೆಳ್ಳಿಯ ಕುಸುರಿಯಿಂದಲೋ ಮೊದಲಾಗಿ, ಕೊಂಡಾಗಿನ ಬೆಲೆಯನ್ನೂ ಈಗ ಬರಬಹುದಾದ ಬೆಲೆಯನ್ನೂ ತೂಗಿ ನೋಡುವಲ್ಲಿಗೆ ಬಂದು ನಿಲ್ಲುತ್ತದೆ. ಆ ದೃಷ್ಟಿಯಿಂದ ನೋಡುವುದಾದರೆ ಕನ್ನಡ ನೆಲದಲ್ಲಿ ಹುಟ್ಟಿದ ಕೈಬಂದೂಕುಗಳಲ್ಲಿ ಅಗ್ರಸ್ಥಾನವು ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪೂ ಸುಲ್ತಾನನಿಗಾಗಿ ಸಿದ್ಧವಾದ ಪಿಸ್ತೂಲುಗಳಿಗೆ ಸಲ್ಲತಕ್ಕುದೆಂಬುದರಲ್ಲಿ ವಿವಾದವಿರಲಾರದು. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಕೊಳ್ಳುವ ಆ ಪಿಸ್ತೂಲುಗಳ ಜೋಡಿಯಲ್ಲಿ, ಕಿಡಿ ಹೊಡೆಯುವ ಯಂತ್ರವು ಒಂದಕ್ಕೆ ಬಲಮಗ್ಗುಲಿಗೂ ಮತ್ತೊಂದಕ್ಕೆ ಎಡಮಗ್ಗುಲಿಗೂ ಇದ್ದು, ಒಂದು ಇನ್ನೊಂದರ ಪ್ರತಿಬಿಂಬವೋ ಎಂಬಂತೆ ತೋರುತ್ತದೆ. ಲೋಹದ ಭಾಗಗಳಲ್ಲಿ ಹುಲಿಯ ಮುಖವೂ ಹುಲಿಯ ಪಟ್ಟೆಯೂ ಮತ್ತೆ ಮತ್ತೆ ಮೂಡಿ, ಸುಲ್ತಾನನು ತಾನೇ ಜಾರಿಗೆ ತಂದ ಮೌಲೂದೀ ಶಕೆಯ ವರ್ಷವು ಅವುಗಳ ಮೇಲೆ ಅಂಕಿತವಾಗಿರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಈ ಆಯುಧಗಳು ವಿಜೇತರ ಪಾಲಾಗಿ ಸಮುದ್ರವನ್ನು ದಾಟಿದುವು. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿದ್ದ ರಾಬಿನ್ ವಿಗಿಂಗ್‌ಟನ್ ಎಂಬ ಸಂಗ್ರಾಹಕನು ಅವುಗಳನ್ನು ವರ್ಷಾನುವರ್ಷ ಒಟ್ಟುಗೂಡಿಸಿ, 1992ರಲ್ಲಿ ಅವುಗಳ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. 2005ರಲ್ಲಿ ಲಂಡನ್ನಿನ ಹರಾಜಿನಲ್ಲಿ ಆ ಸಂಗ್ರಹವು ಮತ್ತೆ ಚೆದುರಿಹೋಯಿತು.

ಅವು ಸುಂದರವಾದುವೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಆದರೂ ಇದೇ ಪ್ರಶ್ನೆಯನ್ನು ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಪರವಾಗಿ ನನ್ನ ಮುಂದಿಟ್ಟರೆ, ನಾನು ಬೆರಳಿಟ್ಟು ತೋರಿಸುವುದು ಬೆಳ್ಳಿಯ ಕೆತ್ತನೆಯಾಗಲಿ ರಾಜಮುದ್ರೆಯಾಗಲಿ ಇಲ್ಲದ, ಒಬ್ಬ ಕಿರಿಯ ಸೇನಾಧಿಕಾರಿಯ ಸೊಂಟದ ಪಟ್ಟಿಯಲ್ಲಿ ತೂಗುತ್ತಿದ್ದ, ತನ್ನ ಒಡೆಯನ ಕೈಯಿಂದ ಆ ದಿನ ಹಾರದೆಯೇ ಒಂದು ಸಂಸ್ಥಾನದ ಇತಿಹಾಸವನ್ನು ಮುಗಿಸಿದ ಒಂದು ರಿವಾಲ್ವರನ್ನು. ಅದನ್ನು ಯಾವ ಸಂಗ್ರಹಾಲಯದ ಪಟ್ಟಿಯಲ್ಲಿಯೂ ನಾನು ಕಂಡವನಲ್ಲ; ನಾನು ಅದನ್ನು ಆರಿಸಿಕೊಳ್ಳುವುದಕ್ಕೆ ಅದು ಅಡ್ಡಿಯೂ ಆಗಿಲ್ಲ.

ಬಳ್ಳಾರಿಯಿಂದ ಸಿರುಗುಪ್ಪದ ಮೇಲೆ ಬಂದು ತುಂಗಭದ್ರೆಯನ್ನು ದಾಟುವ ಹೆದ್ದಾರಿಯು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮೂಲಕ ಸಾಗಿ, ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ಕಳೆದು, ದೇವಾಪುರದ ಬಳಿಯಿಂದ ಸುರಪುರದ ಬೆಟ್ಟಗಳ ಕಡೆಗೆ ತಿರುಗುತ್ತದೆ. ಇಂದು ಆ ದಾರಿಯ ದಕ್ಷಿಣಾರ್ಧದಲ್ಲಿ ಕಣ್ಣಿಗೆ ಬೀಳುವುದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಗದ್ದೆಗಳು, ಅಕ್ಕಿಯ ಗಿರಣಿಗಳು, ಟ್ರ್ಯಾಕ್ಟರುಗಳ ಸಾಲು. ಉತ್ತರಾರ್ಧದಲ್ಲಿ ಬಂಡೆಗಲ್ಲಿನ ಗುಡ್ಡಗಳೂ ತೊಗರಿಯ ಹೊಲಗಳೂ. 1953ರಲ್ಲಿ ಅಣೆಕಟ್ಟಿನ ನೀರು ಹರಿಯತೊಡಗುವ ಮುನ್ನ ಸಿಂಧನೂರಿನ ಎರೆಭೂಮಿಯೂ ಜೋಳವನ್ನೇ ನಂಬಿಕೊಂಡಿದ್ದಿತು. ಮೇಲ್ನೋಟಕ್ಕೆ ಬಡತನದ ನೆಲ. ಆದರೆ ಒಡಲಿನಲ್ಲಿ ಬಂಗಾರ. ಹಟ್ಟಿಯ ಗಣಿಯಲ್ಲಿ ಪ್ರಾಚೀನರು ತೋಡಿದ ಆಳವಾದ ಬಾವಿಗಳನ್ನು ಕಂಡು ಆಧುನಿಕ ಇಂಜಿನಿಯರುಗಳೇ ಬೆರಗಾದುದುಂಟು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಬಂಗಾರದ ಜಾಡನ್ನರಸುತ್ತ ಮಸ್ಕಿಯ ಬೆಟ್ಟದ ಮಗ್ಗುಲಿಗೆ ಬಂದಾಗ ಅವನಿಗೆ ಸಿಕ್ಕಿದುದು ಬಂಗಾರವಲ್ಲ, ಒಂದು ಬಂಡೆಯ ಮೇಲಣ ಬ್ರಾಹ್ಮೀ ಲಿಪಿ. ಅದರಲ್ಲಿದ್ದ ಅಶೋಕನೆಂಬ ಹೆಸರಿನಿಂದಾಗಿ, ದೇವಾನಾಂಪ್ರಿಯನೆಂದು ಶಾಸನಗಳಲ್ಲೆಲ್ಲ ಕರೆದುಕೊಂಡ ದೊರೆ ಇವನೇ ಎಂಬುದು ನಿಸ್ಸಂದೇಹವಾಯಿತು. ಕಳಿಂಗದ ಬಳಿಕ ಶಸ್ತ್ರವನ್ನು ಕೆಳಗಿಟ್ಟ ಆ ಚಕ್ರವರ್ತಿಯ ಹೆಸರನ್ನು ಹೊತ್ತ ಈ ನೆಲವೇ ಮುಂದೆ ದಕ್ಷಿಣಾಪಥದಲ್ಲಿ ಶಸ್ತ್ರಗಳ ಸದ್ದು ಅತ್ಯಧಿಕವಾಗಿ ಕೇಳಿಬಂದ ನೆಲವಾಯಿತೆಂಬುದು ಇತಿಹಾಸದ ವಿಚಿತ್ರಗಳಲ್ಲೊಂದು. ಬಹಮನಿಗಳೂ ವಿಜಯನಗರದವರೂ, ಅವರ ಬಳಿಕ ಬಿಜಾಪುರದವರೂ ರಾಯಚೂರು ಮುದ್ಗಲ್ಲುಗಳ ಕೋಟೆಗಾಗಿ ಕಾದಿದ ಕಾಳಗಗಳನ್ನೆಲ್ಲ ಎಣಿಸುವುದಕ್ಕೆ ಇಲ್ಲಿ ಎಡೆಯಿಲ್ಲ.

ಅವುಗಳಲ್ಲಿ ಒಂದನ್ನು ಮಾತ್ರ ಬಿಡುವಂತಿಲ್ಲ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ರಾಯಚೂರಿನ ಬಯಲಿನಲ್ಲಿ ಎದುರಿಸಿದಾಗ, ಸುಲ್ತಾನನ ಬಳಿಯಲ್ಲಿ ಫಿರಂಗಿಗಳು ಹೇರಳವಾಗಿದ್ದುವು. ಅವೆಲ್ಲ ಒಮ್ಮೆಗೇ ಗುಡುಗಿ ರಾಯನ ಮುಂಚೂಣಿಯನ್ನು ಒಡೆದುವೆಂದೂ, ಮತ್ತೆ ಮದ್ದು ತುಂಬುವುದರೊಳಗಾಗಿ ರಾಯನ ಪಡೆ ಮೇಲೆ ಬಿದ್ದು ಗೆಲುವನ್ನು ಕಸಿದುಕೊಂಡಿತೆಂದೂ ಪೋರ್ಚುಗೀಸ್ ಬರಹಗಾರನಾದ ನೂನಿಜನ ವೃತ್ತಾಂತದಿಂದ ತಿಳಿಯಬಹುದು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದುದು ಆ ಬಯಲಿನ ಫಿರಂಗಿಗಳಲ್ಲ, ಅನಂತರ ನಡೆದ ಕೋಟೆಯ ಮುತ್ತಿಗೆ. ಕುದುರೆಗಳನ್ನು ಮಾರಲು ಬಂದಿದ್ದ ಕ್ರಿಸ್ತೊವಾವ್ ದೆ ಫಿಗೈರೆದೊ ಎಂಬ ಪೋರ್ಚುಗೀಸನು ತನ್ನ ಇಪ್ಪತ್ತು ಮಂದಿ ಕೋವಿಕಾರರೊಡನೆ ಕಂದಕದ ಬಳಿಗೆ ನಡೆದು, ತೆನೆಗಳ ಮೇಲೆ ನಿಶ್ಚಿಂತೆಯಿಂದ ತಲೆಯೆತ್ತಿ ನಿಂತಿದ್ದ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಉರುಳಿಸಿದನು. ಅಲ್ಲಿಯವರೆಗೆ ಬಾಣಕ್ಕೂ ಕವಣೆಗೂ ಅಂಜದೆ ನಿಲ್ಲುತ್ತಿದ್ದ ಅವರು ಗೋಡೆಯ ಮರೆಯನ್ನು ಹುಡುಕಿದೊಡನೆ ರಾಯನ ಜನರು ಗುದ್ದಲಿ ಹಾರೆಗಳೊಂದಿಗೆ ಗೋಡೆಯನ್ನು ಕೆಡವತೊಡಗಿದರು. ಏನು ನಡೆಯುತ್ತಿದೆಯೆಂದು ಕೋಟೆಯ ಅಧಿಪತಿಯೇ ಇಣುಕಿ ನೋಡಿದಾಗ ಅವನ ಹಣೆಗೇ ಗುಂಡು ತಗುಲಿತು. ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನನ್ನು ಗುರಿಯಿಟ್ಟು ಬಂದೂಕಿನಿಂದ ಕೊಲ್ಲುವ ವಿದ್ಯೆಯು ಎಡೆದೊರೆಯ ಮುತ್ತಿಗೆಯೊಂದರ ಗತಿಯನ್ನು ಹೀಗೆ ನಿರ್ಣಯಿಸಿತು.

ಗೆದ್ದವರು ಇದರಿಂದ ಕಲಿತುದು ಅಲ್ಪ, ಸೋತವರು ಕಲಿತುದು ಬಹಳ. ಬಿಜಾಪುರದವರು ಮುದ್ಗಲ್ಲಿನ ಕೋಟೆಯನ್ನು ಫಿರಂಗಿಗಳಿಗೆ ತಕ್ಕಂತೆ ಮಾರ್ಪಡಿಸಿಕೊಂಡರು. 1565ರಲ್ಲಿ ರಕ್ಕಸತಂಗಡಿಯ ಬಯಲಿನಲ್ಲಿ ವಿಜಯನಗರಕ್ಕೆ ಏನಾಯಿತೆಂಬುದನ್ನು ಹೇಳಬೇಕಾದುದಿಲ್ಲ. ಜನಸಾಮಾನ್ಯರಲ್ಲಿ ಕೋವಿಯ ವಿದ್ಯೆಯನ್ನು ಸ್ವಂತವಾಗಿಸಿಕೊಂಡವರೆಂದರೆ ಬೇಡ ನಾಯಕರು. ಲಿಂಗಸುಗೂರಿನ ಬಳಿಯ ಗುರುಗುಂಟದಲ್ಲಿಯೂ, ತೆಂಕಣ ಕನಕಗಿರಿಯಲ್ಲಿಯೂ, ಕೃಷ್ಣೆಯ ಆಚೆಯ ವಾಗಿನಗೇರಿ ಸುರಪುರಗಳಲ್ಲಿಯೂ ಚಿಕ್ಕ ದೊಡ್ಡ ಸಂಸ್ಥಾನಗಳನ್ನು ಕಟ್ಟಿಕೊಂಡಿದ್ದ ಈ ಜನರ ಗುರಿಗಾರಿಕೆಯು ಎಷ್ಟು ಪ್ರಸಿದ್ಧವಾಗಿದ್ದಿತೆಂದರೆ, 1705ರಲ್ಲಿ ಔರಂಗಜೇಬನು ವೃದ್ಧಾಪ್ಯದಲ್ಲಿಯೂ ಸ್ವತಃ ಬಂದು ವಾಗಿನಗೇರಿಗೆ ಮುತ್ತಿಗೆ ಹಾಕಬೇಕಾಯಿತು. ಅವನು ತಾನೇ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಅದೇ ಕಡೆಯದು. ತಿಂಗಳುಗಟ್ಟಲೆ ಮೊಗಲ ಸೇನೆಯನ್ನು ತಡೆದ ಪಿಡ್ಡ ನಾಯಕನು ಕೊನೆಗೆ ಕೋಟೆಯನ್ನು ಬರಿದುಮಾಡಿ ತಪ್ಪಿಸಿಕೊಂಡನು; ಬಾದಶಹನು ಬೂದಿಯನ್ನು ಗೆದ್ದುಕೊಂಡು, ದೇವಾಪುರದಲ್ಲಿ ಪಾಳೆಯ ಬಿಟ್ಟು, ಅಲ್ಲಿಯೇ ಕಠಿಣವಾದ ಕಾಯಿಲೆಗೆ ಬಿದ್ದನು. ಹೆದ್ದಾರಿಯ ಬಸ್ಸಿನಲ್ಲಿ ಕುಳಿತು ದೇವಾಪುರವನ್ನು ದಾಟುವವರಲ್ಲಿ ಇದನ್ನು ನೆನೆಯುವವರು ಹೆಚ್ಚಿಲ್ಲ.

ಬೇಡರ ಆಯುಧವು ಉದ್ದ ನಳಿಗೆಯ, ಜಾಮಗಿಯ ಕೋವಿ. ಉರಿಯುವ ಬತ್ತಿಯನ್ನು ರಂಜಕದ ಮದ್ದಿಗೆ ಮುಟ್ಟಿಸಿ ಹಾರಿಸುವ ಈ ಬಗೆಯ ಆಯುಧವನ್ನು ಬಂಡೆಯ ಮರೆಯಲ್ಲಿ ಕುಳಿತು ಬಳಸುವುದಕ್ಕೆ ಯಾವ ತೊಡಕೂ ಇರಲಿಲ್ಲ. ಆದರೆ ಅದನ್ನು ಗಿಡ್ಡಗೊಳಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಯೋಚನೆಯನ್ನು ಬುದ್ಧಿಯುಳ್ಳವನಾರೂ ಮಾಡುತ್ತಿರಲಿಲ್ಲ, ಏಕೆಂದರೆ ಹೊಗೆಯಾಡುವ ಬತ್ತಿಯನ್ನೂ ಮದ್ದನ್ನೂ ಒಟ್ಟಿಗೆ ನಡುವಿನಲ್ಲಿ ಕಟ್ಟಿಕೊಂಡು ಕುದುರೆಯೇರುವುದು ಶತ್ರುವಿನ ಕೆಲಸವನ್ನು ತಾನೇ ಮಾಡಿಕೊಂಡಂತೆ. ಕೈಬಂದೂಕು ಎಂಬುದು ನಿಜವಾಗಿ ಬಳಕೆಗೆ ಬಂದುದು ಬೆಂಕಿಯನ್ನು ಹೊರಗಿನಿಂದ ತರುವ ಅಗತ್ಯ ತಪ್ಪಿದ ಮೇಲೆಯೇ. ಚಕಮಕಿಯ ಪಿಸ್ತೂಲು ಈ ಅನುಕೂಲವನ್ನು ಒದಗಿಸಿತಾದರೂ ಅದರಲ್ಲಿದ್ದುದು ಒಂದೇ ಗುಂಡು. ಮಳೆ ಬಂದರೆ ಅದೂ ಅನುಮಾನ. ಹೀಗಾಗಿ ನಮ್ಮ ನಾಡಿನಲ್ಲಿ ಪಿಸ್ತೂಲು ಬಹುಕಾಲ ಕಾಳಗದ ಆಯುಧಕ್ಕಿಂತ ಹೆಚ್ಚಾಗಿ ಪದವಿಯ ಚಿಹ್ನೆಯಾಗಿಯೇ ಉಳಿಯಿತೆಂಬುದು ನನ್ನ ಎಣಿಕೆ. ಟಿಪ್ಪುವಿನ ಪಿಸ್ತೂಲುಗಳ ಮೇಲೆ ಅಷ್ಟೊಂದು ಬೆಳ್ಳಿಯಿರುವುದು ಇದೇ ಕಾರಣದಿಂದ.

ಈ ಆಯುಧವನ್ನು ನಿತ್ಯದ ಉಡುಪಿನ ಭಾಗವಾಗಿ ಧರಿಸುವ ಜನರು ಎಡೆದೊರೆಗೆ ಬಂದುದು ಲಿಂಗಸುಗೂರಿನ ಛಾವಣಿಯೊಡನೆ. ಹಳೆಯ ಕರಡಕಲ್ಲಿನ ಮಗ್ಗುಲಿನಲ್ಲಿ ಬೆಳೆದ ಆ ಊರು, ನಿಜಾಮನ ಖರ್ಚಿನಲ್ಲಿ ಆಂಗ್ಲ ಅಧಿಕಾರಿಗಳು ಆಳುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಠಾಣ್ಯವಾಗಿದ್ದಿತು. ಆ ಖರ್ಚಿನ ಬಾಕಿಯು ಬೆಳೆದು ಬೆಟ್ಟವಾಗಿ, 1853ರ ಒಪ್ಪಂದದಿಂದ ನಿಜಾಮನು ಬೇರಾರ್ ಪ್ರಾಂತವನ್ನೂ, ನಳದುರ್ಗದ ಸೀಮೆಯನ್ನೂ, ಈ ಎಡೆದೊರೆಯನ್ನೂ ಕಂಪನಿಯ ಆಡಳಿತಕ್ಕೆ ಒಪ್ಪಿಸಬೇಕಾಯಿತು. ತನ್ನನ್ನು ಹತೋಟಿಯಲ್ಲಿಡುವ ಸೈನ್ಯಕ್ಕೆ ತಾನೇ ಸಂಬಳ ಕೊಟ್ಟು, ಕೊಡಲಾರದಾದಾಗ ನೆಲವನ್ನೇ ಬಿಟ್ಟುಕೊಡುವ ಈ ವ್ಯವಸ್ಥೆಯ ಜಾಣ್ಮೆಯನ್ನು ಮೆಚ್ಚದಿರುವುದು ಕಷ್ಟ.

ಇಲ್ಲಿ ಫಿಲಿಪ್ ಮೆಡೋಸ್ ಟೇಲರನ ಪ್ರವೇಶವಾಗುತ್ತದೆ. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿ, ಹದಿಹರೆಯದಲ್ಲಿಯೇ ಹಿಂದೂಸ್ಥಾನಕ್ಕೆ ಬಂದು, ಕಂಪನಿಯ ನೌಕರನಾಗದೆ ನಿಜಾಮನ ಸೇವೆಗೆ ಸೇರಿದ ಈತನು ಥಗ್ಗನೊಬ್ಬನ ಆತ್ಮಕಥೆಯ ರೂಪದಲ್ಲಿ 1839ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದನು. ಸುರಪುರದ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡು, ಎಳೆಯ ಮಗನಾದ ವೆಂಕಟಪ್ಪ ನಾಯಕನ ಹೆಸರಿನಲ್ಲಿ ರಾಣಿ ಈಶ್ವರಮ್ಮನೂ ಅರಮನೆಯ ಇತರರೂ ಅಧಿಕಾರಕ್ಕಾಗಿ ಸೆಣಸುತ್ತಿದ್ದಾಗ, 1841ರ ಸುಮಾರಿಗೆ ಟೇಲರನನ್ನು ಅಲ್ಲಿಗೆ ಕಳುಹಿಸಲಾಯಿತು. 1853ರವರೆಗೆ ಆತನೇ ಸಂಸ್ಥಾನದ ಮೇಲ್ವಿಚಾರಕ. ಲೆಕ್ಕಪತ್ರಗಳನ್ನು ಸರಿಪಡಿಸಿದನು, ಕೆರೆ ಕಟ್ಟಿಸಿದನು, ಬಿಡುವಿನಲ್ಲಿ ಸುತ್ತಣ ಗುಡ್ಡಗಳ ಮೇಲಿನ ಬೃಹತ್ ಶಿಲಾಯುಗದ ಕಲ್ಲುಗೋರಿಗಳನ್ನು ಅಳೆದು ಬರೆದಿಟ್ಟನು. ಎಳೆಯ ರಾಜನು ಆತನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಆಳುವವನಾಗಿ ಬಂದ ಪರಕೀಯನೊಬ್ಬನಲ್ಲಿ ಇಂಥ ಮಮತೆ ಬೆಳೆದುದು ನಿಜವೋ, ಆತನ ಆತ್ಮಕಥೆಯ ಅಲಂಕಾರವೋ ಎಂದು ಶಂಕಿಸಬಹುದು. ಆದರೆ ಆ ಆತ್ಮಕಥೆಯನ್ನು ಓದಿದವನಿಗೆ ರಾಜನ ವಿಷಯಕವಾದ ಪುಟಗಳು ಉಳಿದುವುಗಳಂತೆ ಸರಾಗವಾಗಿ ಸಾಗದೆ ಅಲ್ಲಲ್ಲಿ ತಡವರಿಸುವುದು ಕಾಣದಿರದು, ಮತ್ತು ನಾನು ಅದನ್ನು ನಿಜವೆಂದೇ ತಿಳಿಯುತ್ತೇನೆ.

ರಾಣಿಯು ಆತನಿಗೆ ಒಂದು ಗುಟ್ಟನ್ನು ತಿಳಿಸಿದ್ದಳು. ಮಗನ ಜಾತಕದಲ್ಲಿ ಆಯುಸ್ಸು ಇಪ್ಪತ್ತನಾಲ್ಕನೆಯ ವರ್ಷಕ್ಕೆ ಮುಗಿಯುವುದೆಂದು ಜೋಯಿಸರು ಬರೆದಿದ್ದರಂತೆ. ಟೇಲರನು ಅದನ್ನು ನಂಬಲಿಲ್ಲ, ಮರೆಯಲೂ ಇಲ್ಲ.

1853ರಲ್ಲಿ ರಾಜನು ವಯಸ್ಸಿಗೆ ಬಂದು ಅಧಿಕಾರವನ್ನು ವಹಿಸಿಕೊಂಡನು. ಟೇಲರನು ನಳದುರ್ಗಕ್ಕೆ ಹೋದನು. ನಾಲ್ಕು ವರ್ಷಗಳಲ್ಲಿ ದೇಶವೇ ಹೊತ್ತಿ ಉರಿಯಿತು. ಉತ್ತರದ ಸಿಪಾಯಿಗಳ ದಂಗೆಯಿಂದ ದಿಗ್ಭ್ರಾಂತರಾದ ಆಳರಸರು ಮಾಡಿದ ಮೊದಲ ಕೆಲಸಗಳಲ್ಲಿ ಒಂದೆಂದರೆ 1857ರ ನಿಶ್ಶಸ್ತ್ರೀಕರಣದ ಕಾನೂನು. ಪರವಾನಗಿಯಿಲ್ಲದೆ ಯಾರೂ ಆಯುಧವನ್ನಿಟ್ಟುಕೊಳ್ಳಬಾರದು, ಇದ್ದುದನ್ನು ತಂದೊಪ್ಪಿಸಬೇಕು ಎಂಬ ಈ ಆಜ್ಞೆಯು, ಕೋವಿಯೇ ಜೀವನೋಪಾಯವೂ ಮಾನದ ಗುರುತೂ ಆಗಿದ್ದ ಬೇಡರಿಗೆ ಹೇಗೆ ತೋರಿರಬೇಕೆಂಬುದನ್ನು ಮುಧೋಳದ ಬಳಿಯ ಹಲಗಲಿಯಲ್ಲಿ ಅದೇ ವರ್ಷದ ನವೆಂಬರಿನಲ್ಲಿ ನಡೆದ ಘಟನೆಯಿಂದ ಊಹಿಸಬಹುದು. ಆಯುಧವನ್ನು ಕೊಡಲೊಲ್ಲದ ಊರನ್ನು ಸೈನ್ಯವು ಸುತ್ತುವರಿದು ಸುಟ್ಟಿತು. 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜೆ. ಎಫ್. ಫ್ಲೀಟನು ಸಂಗ್ರಹಿಸಿ ಮುದ್ರಿಸಿದ ಹಲಗಲಿಯ ಲಾವಣಿಯನ್ನು ಉತ್ತರ ಕರ್ನಾಟಕದಲ್ಲಿ ಕೇಳದವರು ವಿರಳ. ಸುರಪುರದ ತರುಣ ರಾಜನು ಈ ಸುದ್ದಿಯನ್ನು ಕೇಳಿದ್ದನು. ಅರಬರನ್ನೂ ರೋಹಿಲರನ್ನೂ ನೇಮಿಸಿಕೊಳ್ಳುತ್ತಿದ್ದನು. ಬೇಡರು ಬೆಟ್ಟಗಳಲ್ಲಿ ಸೇರುತ್ತಿದ್ದರು. ಹೈದರಾಬಾದಿನ ಆಂಗ್ಲ ರೆಸಿಡೆಂಟನಾದ ಕರ್ನಲ್ ಡೇವಿಡ್‌ಸನ್ ಕ್ಯಾಪ್ಟನ್ ರೋಸ್ ಕ್ಯಾಂಬೆಲ್‌ನನ್ನು ಬುದ್ಧಿವಾದಕ್ಕೆಂದು ಕಳುಹಿಸಿದನು, ಬುದ್ಧಿವಾದವು ಫಲಿಸಲಿಲ್ಲ.

1858ರ ಫೆಬ್ರವರಿ 7ರಂದು ಕ್ಯಾಪ್ಟನ್ ವಿಂಡ್‌ಹ್ಯಾಮನ ಕಂಟಿಂಜೆಂಟ್ ಪಡೆಯು ಸುರಪುರಕ್ಕೆ ಬಂದಾಗ, ಪಾಳೆಯಕ್ಕೆಂದು ತೋರಿಸಲ್ಪಟ್ಟ ಸ್ಥಳವು ಬೆಟ್ಟಗಳ ನಡುವಣ ಇಕ್ಕಟ್ಟಿನ ಕಣಿವೆ. ಆ ಅಧಿಕಾರಿ ಅನುಮಾನಗೊಂಡು ಬಯಲಿಗೆ ಸರಿದುದರಿಂದ, ಆ ರಾತ್ರಿ ಬೇಡರು ಎರಗಿದಾಗ ಪಡೆ ಉಳಿದುಕೊಂಡಿತು. ಮರುದಿನ ಮದರಾಸಿನ ದಳಗಳು ಬಂದು ಕೂಡಿಕೊಂಡುವು. ಬೆಟ್ಟದ ಏರಿನಲ್ಲಿ ನಡೆದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಬಿದ್ದನು, ಲೆಫ್ಟಿನೆಂಟ್ ಸ್ಟೂವರ್ಟ್ ಮರಣಾಂತಿಕವಾಗಿ ಗಾಯಗೊಂಡನು. ಪಶ್ಚಿಮದಿಂದ ಮಾಲ್ಕಮ್ ಎಂಬ ಆಂಗ್ಲ ಅಧಿಕಾರಿಯ ಸೇನೆಯೂ ಬರುತ್ತಿದೆಯೆಂದು ತಿಳಿದ ರಾಜನು ಕೆಲವೇ ಸವಾರರೊಡನೆ ರಾತ್ರೋರಾತ್ರಿ ಹೊರಟುಹೋದನು. ಹೋದುದಾದರೂ ಎಲ್ಲಿಗೆ? ಹೈದರಾಬಾದಿಗೆ. ಅಲ್ಲಿ ಯಾರ ಆಶ್ರಯವನ್ನು ನಿರೀಕ್ಷಿಸಿದ್ದನೋ ಅದು ದೊರೆಯದೆ, ಪೇಟೆಯಲ್ಲಿ ಅಲೆಯುತ್ತಿದ್ದವನು ಸಿಕ್ಕಿಬಿದ್ದು, ದಿವಾನ ಸಾಲಾರ್ ಜಂಗನ ಮೂಲಕ ರೆಸಿಡೆಂಟನ ಕೈಸೇರಿದನು.

ಸೆರೆಯಲ್ಲಿದ್ದ ಅವನನ್ನು ನೋಡಲು ಟೇಲರನಿಗೆ ಅವಕಾಶ ದೊರೆಯಿತು. ನಿನ್ನನ್ನು ಈ ದಾರಿಗೆಳೆದವರ ಹೆಸರುಗಳನ್ನು ಹೇಳಿದರೆ ಶಿಕ್ಷೆ ಕಡಿಮೆಯಾದೀತೆಂದು ಹಳೆಯ ಹಿತೈಷಿ ಸೂಚಿಸಿದನು. ರಾಜನು ಒಂದು ಹೆಸರನ್ನೂ ಹೇಳಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೆ ಹಾಕಬಾರದೆಂಬುದೊಂದೇ ಅವನ ಬೇಡಿಕೆಯಾಗಿದ್ದಿತು. ಫಿರಂಗಿಯ ಬಾಯಿಗೆ ಕಟ್ಟಿದರೂ ಸರಿಯೆ, ಕಡಲಾಚೆಗೆ ಗಡಿಪಾರು ಮಾತ್ರ ಬೇಡವೆಂದನು. ಸೈನಿಕ ನ್ಯಾಯಮಂಡಲಿಯು ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಆಜೀವ ದೇಶಾಂತರವಾಸಕ್ಕೆ ಇಳಿಸಿದನು. ಗವರ್ನರ್ ಜನರಲನು ಇನ್ನೂ ಇಳಿಸಿ, ಮದರಾಸಿನ ಸಮೀಪದ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸವನ್ನು ಗೊತ್ತುಪಡಿಸಿ, ನಡತೆ ಒಳ್ಳೆಯದಾಗಿದ್ದರೆ ಸಂಸ್ಥಾನವನ್ನು ಮರಳಿ ಕೊಡುವ ಆಸೆಯನ್ನೂ ತೋರಿಸಿದನು. ಜಾತಕದ ಕಥೆಯನ್ನು ಟೇಲರನಿಂದ ಕೇಳಿದ್ದ ಡೇವಿಡ್‌ಸನ್, ಜೋಯಿಸರ ಮಾತು ಸುಳ್ಳಾಯಿತೆಂದು ಸಂತೋಷದಿಂದ ಅವನಿಗೆ ಪತ್ರ ಬರೆದನು.

ರಾಜನ ಬೆಂಗಾವಲಿಗಿದ್ದವನು ಲೆಫ್ಟಿನೆಂಟ್ ಪಿಕ್ಟೆಟ್. 1858ರ ಮೇ ತಿಂಗಳಲ್ಲಿ ಹೈದರಾಬಾದಿನಿಂದ ಹೊರಟ ಪಯಣದ ಮೊದಲ ಬಿಡಾರದಲ್ಲಿ, ಅವನು ಸೊಂಟದ ಪಟ್ಟಿಯನ್ನು ಬಿಚ್ಚಿ, ಅದರಲ್ಲಿದ್ದ ರಿವಾಲ್ವರಿನ ಸಮೇತವಾಗಿ ಡೇರೆಯೊಳಗಿನ ಕುರ್ಚಿಗೆ ತೂಗುಹಾಕಿ, ಮುಖ ತೊಳೆಯಲೆಂದು ಹೊರಗೆ ಬಂದನು. ಕೆಲವೇ ಕ್ಷಣಗಳಲ್ಲಿ ಒಳಗಿನಿಂದ ಗುಂಡಿನ ಸದ್ದು. ಓಡಿಹೋಗಿ ನೋಡಿದಾಗ ರಾಜನು ನೆಲದ ಮೇಲೆ ಸತ್ತುಬಿದ್ದಿದ್ದನು. ಗುಂಡು ಹೊಟ್ಟೆಯನ್ನು ಹೊಕ್ಕು ಬೆನ್ನೆಲುಬನ್ನು ಛೇದಿಸಿದ್ದಿತು. ಡೇವಿಡ್‌ಸನ್ನನ ಸಂತೋಷದ ಪತ್ರದ ಹಿಂದೆಯೇ ಎರಡನೆಯ ಪತ್ರವು ಟೇಲರನನ್ನು ತಲುಪಿತು. ವೆಂಕಟಪ್ಪ ನಾಯಕನಿಗೆ ಆಗ ನಡೆಯುತ್ತಿದ್ದುದು ಇಪ್ಪತ್ತನಾಲ್ಕನೆಯ ವರ್ಷ.

ಆಕಸ್ಮಿಕವೋ ಸಂಕಲ್ಪಿತವೋ ಎಂಬ ವಿಚಾರದಲ್ಲಿ ಟೇಲರನೇ ನಿಶ್ಚಯವಾಗಿ ಏನನ್ನೂ ಹೇಳದೆ ಬಿಟ್ಟಿದ್ದಾನೆ. ಸುರಪುರದ ಕಡೆಯವರಲ್ಲಿ ಇದು ಆತ್ಮಹತ್ಯೆಯೇ ಅಲ್ಲ, ಆಂಗ್ಲರೇ ಕೊಂದು ಕಥೆ ಕಟ್ಟಿದರೆಂಬ ಮಾತು ಇಂದಿಗೂ ಉಂಟು. ಇದ್ದವರು ಇಬ್ಬರೇ, ಅವರಲ್ಲಿ ಒಬ್ಬನು ಸತ್ತನು, ಇನ್ನೊಬ್ಬನ ಮಾತೇ ಸಾಕ್ಷಿ. ಸೆರೆಯಾಳಿನ ಡೇರೆಯಲ್ಲಿ ತುಂಬಿದ ಆಯುಧವನ್ನು ಬಿಟ್ಟುಹೋಗುವಷ್ಟು ಮೈಮರೆವು ಕಾವಲಿನವನಿಗೆ ಹೇಗೆ ಬಂದಿತೆಂಬ ಪ್ರಶ್ನೆಯನ್ನು ಜನರು ಕೇಳಿದುದರಲ್ಲಿ ಅನ್ಯಾಯವೇನೂ ಇಲ್ಲ.

ಇದಕ್ಕೆ ಆ ಕಾಲದ ರಿವಾಲ್ವರಿನ ರಚನೆಯಲ್ಲಿಯೇ ಅರ್ಧ ಉತ್ತರವಿದೆಯೆಂದು ನನಗೆ ತೋರುತ್ತದೆ. ಆಗಿನ ಅಧಿಕಾರಿಗಳು ಕೈಬಂದೂಕನ್ನು ಸರಕಾರದಿಂದ ಪಡೆಯದೆ ಸ್ವಂತ ಹಣದಿಂದ ಕೊಳ್ಳುತ್ತಿದ್ದುದೇ ವಾಡಿಕೆ. ಅಮೆರಿಕದ ಸಾಮ್ಯುಯೆಲ್ ಕೋಲ್ಟನು 1836ರಲ್ಲಿ ಹಕ್ಕುಪತ್ರ ಪಡೆದ ತಿರುಗುಗುಳಿಯ ಪಿಸ್ತೂಲೂ, ಲಂಡನ್ನಿನ ರಾಬರ್ಟ್ ಆಡಮ್ಸನ ಐದು ಗುಂಡಿನದೂ 1851ರ ಮಹಾಪ್ರದರ್ಶನದಲ್ಲಿ ಒಂದಕ್ಕೊಂದು ಸ್ಪರ್ಧಿಯಾಗಿ ನಿಂತಮೇಲೆ, ಹಿಂದೂಸ್ಥಾನಕ್ಕೆ ಹೊರಟ ತರುಣರು ಈ ಎರಡರಲ್ಲೊಂದನ್ನೋ ಅಂಥ ಮತ್ತೊಂದನ್ನೋ ಪೆಟ್ಟಿಗೆಯಲ್ಲಿಟ್ಟುಕೊಂಡು ಬರುತ್ತಿದ್ದರು. ಇಂದಿನಂತೆ ಹಿತ್ತಾಳೆಯ ತೋಟಾಗಳನ್ನು ತುರುಕಿ ಬೇಕಾದಾಗ ತೆಗೆಯುವ ಸೌಕರ್ಯವು ಅವುಗಳಲ್ಲಿರಲಿಲ್ಲ. ಒಂದೊಂದು ಗುಳಿಗೂ ಮದ್ದು ಸುರಿದು, ಸೀಸದ ಗುಂಡನ್ನು ಒತ್ತಿ ಕೂರಿಸಿ, ಹಿಂಬದಿಯ ಮೊಲೆಗೆ ತಾಮ್ರದ ಟೋಪಿಯನ್ನು ತೊಡಿಸಬೇಕು. ಒಮ್ಮೆ ತುಂಬಿದರೆ ಹಾರಿಸಿಯೇ ಬರಿದುಮಾಡಬೇಕಲ್ಲದೆ ಸುಲಭವಾಗಿ ತೆಗೆಯುವಂತಿಲ್ಲ. ಆದುದರಿಂದ ಪಯಣದಲ್ಲಿರುವ ಅಧಿಕಾರಿಯ ರಿವಾಲ್ವರು ಹಗಲೂ ಇರುಳೂ ತುಂಬಿಯೇ ಇರುತ್ತಿದ್ದಿತು. ಅದರ ಒಡೆಯನಿಗೆ ಅದು ತುಂಬಿದ ಆಯುಧವೆಂಬ ಭಾವವೇ ಕ್ರಮೇಣ ಮಾಸಿ, ಟೋಪಿ ಚಪ್ಪಲಿಗಳಂತೆ ಬಿಚ್ಚಿಡುವ ವಸ್ತುವಾಗುತ್ತಿದ್ದಿತು. ಆಡಮ್ಸನ ಮಾದರಿಯಲ್ಲಿಯಂತೂ ಕುದುರೆಯನ್ನು ಹಿಂದಕ್ಕೆಳೆಯುವ ಶ್ರಮವೂ ಇಲ್ಲ, ಬೆರಳೊತ್ತಿದರೆ ಸಾಕು. ಉದ್ದ ಕೋವಿಗೆ ಜಾಮಗಿ ಹೊತ್ತಿಸಿ ರಂಜಕ ಹಾಕುವಷ್ಟು ಕಾಲವು ಬೇಕಾಗಿದ್ದಿದ್ದರೆ, ಮುಖ ತೊಳೆಯುತ್ತಿದ್ದವನು ಒಳಗೆ ಬಂದುಬಿಡುತ್ತಿದ್ದನು. ಮನಸ್ಸು ಬದಲಾಗುವುದಕ್ಕೂ ಆ ಹಳೆಯ ಆಯುಧವು ಕಾಲಾವಕಾಶ ಕೊಡುತ್ತಿದ್ದಿತು.

ಆ ಒಂದು ಗುಂಡಿನ ಫಲವನ್ನು ಎಣಿಸಿ ನೋಡಬೇಕು. ರಾಜನು ಬದುಕಿ, ನಾಲ್ಕು ವರ್ಷಗಳನ್ನು ಕಳೆದು ಮರಳಿದ್ದಿದ್ದರೆ ಸುರಪುರವು ಸೊಂಡೂರಿನಂತೆಯೋ ಸವಣೂರಿನಂತೆಯೋ ಒಂದು ಕನ್ನಡ ಸಂಸ್ಥಾನವಾಗಿ ಇಪ್ಪತ್ತನೆಯ ಶತಮಾನದವರೆಗೆ ಉಳಿದುಕೊಳ್ಳುವ ಸಂಭವವಿದ್ದಿತು. ಅವನ ಮರಣದಿಂದ ಅದು ಒಡೆಯನಿಲ್ಲದ ನೆಲವಾಯಿತು. ದಂಗೆಯ ಕಾಲದಲ್ಲಿ ನಿಷ್ಠೆ ತೋರಿದ ನಿಜಾಮನಿಗೆ ಬಹುಮಾನವಾಗಿ 1860ರ ಒಪ್ಪಂದದಲ್ಲಿ ಸುರಪುರವನ್ನು ಬಿಟ್ಟುಕೊಟ್ಟು, ಎಡೆದೊರೆಯನ್ನೂ ನಳದುರ್ಗದ ಸೀಮೆಯನ್ನೂ ಹಿಂದಿರುಗಿಸಿ, 50 ಲಕ್ಷ ರೂಪಾಯಿಗಳ ಸಾಲವನ್ನೂ ಮನ್ನಾಮಾಡಲಾಯಿತು. ಅದೇ ವರ್ಷ ಕೆಟ್ಟ ಆರೋಗ್ಯದೊಡನೆ ಟೇಲರನು ಸ್ವದೇಶಕ್ಕೆ ತೆರಳಿದನು. ಲಿಂಗಸುಗೂರು ನಿಜಾಮನ ಆಳಿಕೆಯಲ್ಲಿ ಸ್ವಲ್ಪ ಕಾಲ ಜಿಲ್ಲೆಯ ಹೆಸರನ್ನು ಹೊತ್ತು, 1905ರ ಪುನರ್ವಿಂಗಡಣೆಯಲ್ಲಿ ಅದನ್ನೂ ಕಳೆದುಕೊಂಡಿತು. ಎಡೆದೊರೆಯ ಕನ್ನಡಿಗರು ಉರ್ದುವಿನಲ್ಲಿ ಅರ್ಜಿ ಬರೆಸುವ ಕಾಲವು 1948ರ ಸೆಪ್ಟೆಂಬರಿನವರೆಗೆ ನಡೆಯಿತು. ಕಡೆಯ ಆ ವರ್ಷ ನಿಜಾಮನ ಪರವಾದ ರಜಾಕಾರರ ಕೈಯಲ್ಲಿ ಬಂದೂಕುಗಳು ಮೆರೆದಾಗ, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಗಡಿಯಾಚೆಯ ಶಿಬಿರಗಳನ್ನು ಕಟ್ಟಿ, ನಿಶ್ಶಸ್ತ್ರವಾಗಿದ್ದ ಹಳ್ಳಿಗಳ ತರುಣರಿಗೆ ಮತ್ತೆ ಆಯುಧ ಹಿಡಿಯುವುದನ್ನು ಕಲಿಸಬೇಕಾಯಿತು. ಅವರಲ್ಲಿ ಅನೇಕರು ಯಾರ ಮೊಮ್ಮಕ್ಕಳೆಂಬುದನ್ನು ನೆನೆದರೆ ಈ ಪಾಠದ ವಿಪರ್ಯಾಸವು ಹೊಳೆಯುತ್ತದೆ.

ಒಂದು ನಾಡಿನ ಖಾಸಗಿ ಸಂಗ್ರಹಗಳು ಅಲ್ಲಿನ ಕಾನೂನಿನ ನೆರಳುಗಳು. ಕೊಡಗಿನಲ್ಲಿ ಆಂಗ್ಲರು ಕೊಡವರನ್ನು ಶಸ್ತ್ರಕಾನೂನಿನಿಂದ ಹೊರಗಿಟ್ಟುದರಿಂದ ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಐನ್ ಮನೆಗಳೆಂಬ ಕುಲದ ಮನೆಗಳಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿನ ಅಲಂಕಾರ ನಡೆಯುತ್ತದೆ. 2019ರಲ್ಲಿ ಕೇಂದ್ರ ಸರಕಾರವು ಆ ವಿನಾಯಿತಿಯನ್ನು ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಒಂದೇ ಶತಮಾನದ ಒಂದೇ ಸರಕಾರ, ನಿಷ್ಠರೆಂದು ಎಣಿಸಿದವರ ಕೋವಿಯನ್ನು ಗೋಡೆಯ ಮೇಲೆ ಉಳಿಸಿ, ಬಂಡುಕೋರರೆಂದು ಎಣಿಸಿದವರ ಕೋವಿಯನ್ನು ಕಿತ್ತುಕೊಂಡಿತು. ಗುರುಗುಂಟದಿಂದ ಸುರಪುರದವರೆಗಿನ ವಾಡೆಗಳಲ್ಲಿ ಮಹಾನವಮಿಯ ಆಯುಧಪೂಜೆಗೆ ಕತ್ತಿ ಭರ್ಚಿಗಳು ಹೊರಬರುವುದುಂಟೇ ಹೊರತು ಬೇಡಪಡೆಯ ಆ ಉದ್ದ ಕೋವಿಗಳ ಸಾಲು ಬರುವುದಿಲ್ಲ. ಈಗಣ ಶಸ್ತ್ರಕಾನೂನು 1959ರದು. 2019ರ ತಿದ್ದುಪಡಿಯಿಂದ ಪರವಾನಗಿದಾರನೊಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನಿಟ್ಟುಕೊಳ್ಳುವಂತಿಲ್ಲ. ಹಂದಿಯ ಕಾಟಕ್ಕೆಂದು ಹಳೆಯ ಕೋವಿಯೊಂದನ್ನಿಟ್ಟುಕೊಂಡ ಸಿಂಧನೂರು ಸೀಮೆಯ ರೈತನು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೊಪ್ಪಿಸಿ ರಸೀತಿ ತರುತ್ತಾನೆ. ಸಂಗ್ರಹವೆಂಬ ಮಾತಿಗೆ ಇಲ್ಲಿ ಎಡೆಯೆಲ್ಲಿ?

ಆದರೆ ಅದೇ ಕಾನೂನಿನ 45ನೆಯ ಪ್ರಕರಣವು, ಕಾಲ ಮೀರಿದ ಮಾದರಿಯದೋ ಪುರಾತನ ಮೌಲ್ಯದ್ದೋ ಆಗಿ ದುರಸ್ತಿಮಾಡಿದರೂ ಹಾರಿಸಲಾಗದಂಥ ಆಯುಧಕ್ಕೆ ವಿನಾಯಿತಿ ಕೊಟ್ಟಿದೆ. ಪಿಕ್ಟೆಟನ ರಿವಾಲ್ವರು ಯಾವುದಾದರೂ ಆಂಗ್ಲ ಕುಟುಂಬದ ಅಟ್ಟದಿಂದ ಇಳಿದು ಬಂದರೆ, ಹರಾಜಿನವರು ಅದರ ನಳಿಗೆಯ ಉದ್ದವನ್ನೂ ತಯಾರಕನ ಮುದ್ರೆಯನ್ನೂ ತುಕ್ಕಿನ ಪ್ರಮಾಣವನ್ನೂ ಬರೆದು, ಟಿಪ್ಪುವಿನ ಪಿಸ್ತೂಲಿನ ಸಹಸ್ರಾಂಶದ ಬೆಲೆಯನ್ನೂ ಕಟ್ಟಲಾರರು. ಅಂಥ ಸಂದರ್ಭದಲ್ಲಿ ಅದನ್ನು ಕೊಂಡು ತಂದು, ಲಂಡನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅಲ್ಲ, ಕೃಷ್ಣೆಯ ಈಚೆಗೋ ಆಚೆಗೋ ಲಿಂಗಸುಗೂರು ಸುರಪುರಗಳಲ್ಲೊಂದರಲ್ಲಿ ಇಡಬೇಕು. ಕೆಳಗಣ ಫಲಕದಲ್ಲಿ ಪಿಕ್ಟೆಟನ ಹೆಸರಿಗಿಂತ ಮೊದಲು ನಾಲ್ವಡಿ ವೆಂಕಟಪ್ಪ ನಾಯಕನ ಹೆಸರನ್ನು ಬರೆದು, ಟೇಲರನ ಕಥನವನ್ನೂ ಸುರಪುರದವರು ಹೇಳುವ ಕಥನವನ್ನೂ ಸಮನಾದ ಅಕ್ಷರಗಳಲ್ಲಿ ಅಚ್ಚುಹಾಕಿಸಬೇಕು.